ಬರದಲ್ಲಿ ಬತ್ತದ ಮನಸ್ಸು

ಮಳೆ ಕೈಕೊಟ್ಟಾಗ ಮೊದಲು ಒಣಗುವುದು ಕೆರೆ. ಅದರ ಬೆನ್ನಿಗೇ ಒಣಗುವುದು ರೈತನ ಮನಸ್ಸು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 124.80 ಅಡಿಯ ಕನ್ನಂಬಾಡಿ ಕಟ್ಟೆ ಆ ವರ್ಷ ತುಂಬಲಿಲ್ಲ. ಮಂಡ್ಯ, ಮದ್ದೂರಿನ ರೈತರು ಕಾವೇರಿ ನೀರಿಗಾಗಿ ಬೀದಿಗಿಳಿದರು. ಮರುವರ್ಷ ಜುಲೈನಲ್ಲಿ ಅದೇ ಕಟ್ಟೆ ತುಂಬಿ, ನದಿಪಾತ್ರದ ಜನರಿಗೆ ಪ್ರವಾಹದ ಎಚ್ಚರಿಕೆ ಕೊಡಬೇಕಾಯಿತು. ಭೂಮಿಯ ತಾಪ ಏರಿದಂತೆ ಬರ-ನೆರೆಗಳ ಕಾಟ ಹೆಚ್ಚುವುದೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ.

ಇಂಥ ಕಾಲದಲ್ಲಿ ಧೈರ್ಯ ಹೇಳುವವರಿಗೆ ಕೊರತೆಯಿಲ್ಲ. ಆದರೆ ಬರಿಯ ಮಾತಿನ ಧೈರ್ಯ ಮುಂದಿನ ಬೇಸಿಗೆಯವರೆಗೂ ನಿಲ್ಲದು. ಕೈಗೆ ಕಾಯಕವಿದ್ದಾಗ ಮನಸ್ಸಿಗೆ ನೆಲೆಯುಂಟು. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟುವುದನ್ನೇ ಶಿವಸೇವೆಯಾಗಿ ಕಂಡರು.

ಅಷ್ಟು ಹಿಂದಕ್ಕೆ ಹೋಗಬೇಕಾದ್ದೂ ಇಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೆಟ್ಟದ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿಲ್ಲವೆಂದು ಮರುಗಿ, ಹತ್ತಾರು ವರ್ಷ ದುಡಿದು ಹದಿನಾಲ್ಕಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದರು, ಸಸಿ ನೆಟ್ಟರು. ಪ್ರಶಸ್ತಿಯ ಹಣವನ್ನೂ ಅದಕ್ಕೇ ಸುರಿದರು. 2022ರ ಅಕ್ಟೋಬರ್‌ನಲ್ಲಿ ಅವರು ಅಗಲಿದರು. ಮಾತು ಬಾರದ ಜೀವಿಗಳಿಗೆ ನೀರುಣಿಸುವುದಕ್ಕಿಂತ ಮಿಗಿಲಾದ ದಾಸೋಹ ಯಾವುದು?

ನಮ್ಮ ಹಿರಿಯರೂ ಬರವನ್ನು ಬಂದ ಮೇಲೆ ಎದುರಿಸಿದವರಲ್ಲ. ಬರುವ ಮೊದಲೇ ಸಿದ್ಧರಾದವರು. ಹಗೇವಿನಲ್ಲಿ ರಾಗಿ ತುಂಬಿಟ್ಟರು. ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹೊಡೆದರು. ಕೆರೆಗೆ ಆಳ, ಹೊಲಕ್ಕೆ ಸಾರ, ಊರಿಗೆ ಒಗ್ಗಟ್ಟು ಒಂದೇ ಕೆಲಸದಿಂದ ದೊರೆತವು. ನಾಲೆಯ ನೀರು ಬಂದ ಮೇಲೆ ಈ ಕಟ್ಟಳೆ ಸಡಿಲವಾಯಿತು. ನಾಲೆಯ ಕೊನೆಯಂಚಿನ ರೈತನಿಗೆ ಆ ಮರೆವಿನ ಬೆಲೆ ಇಂದು ತಿಳಿಯುತ್ತಿದೆ.

ಹಾಗೆಂದು ಎಲ್ಲ ಭಾರವನ್ನೂ ರೈತನ ಮನೋಬಲದ ಮೇಲೆ ಹೊರಿಸುವುದು ನ್ಯಾಯವಲ್ಲ. ನಾಲೆಯ ದುರಸ್ತಿ, ಬೆಳೆ ಪರಿಹಾರ, ಸಕಾಲದಲ್ಲಿ ಕಬ್ಬಿನ ಬಾಕಿ ಕೊಡಿಸುವುದು ಸರ್ಕಾರದ ಹೊಣೆ. ಸಾಲದಿಂದ ಕುಗ್ಗಿದವನಿಗೆ ಉಪದೇಶಕ್ಕಿಂತ ಮೊದಲು ಜೊತೆಗಾರ ಬೇಕು. ಮನಸ್ಸಿನ ನೋವಿಗೆ ವೈದ್ಯರನ್ನು ಕಾಣುವುದು ಅವಮಾನವಲ್ಲ; 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮನಸ್ ಸೇವೆಯಲ್ಲಿ ಆಪ್ತ ಸಲಹೆ ಉಚಿತವಾಗಿ ಸಿಗುತ್ತದೆ.

ಜಾತ್ರೆಗೆ ತೇರೆಳೆಯಲು ಊರೆಲ್ಲ ಸೇರುತ್ತದೆ. ಮುಂಗಾರಿಗೆ ಮುನ್ನ ಒಂದು ದಿನ ಅದೇ ಕೈಗಳು ಕೆರೆಯಂಗಳಕ್ಕೂ ಇಳಿಯಲಿ. ಕಾಮೇಗೌಡರ ಕಟ್ಟೆಗಳಲ್ಲಿ ಹೂಳು ತುಂಬದಂತೆ ನೋಡಿಕೊಳ್ಳುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ನಮನ.