ಗೆರೆ ಎಳೆದವರೂ ಕಟಕಟೆಗೆ ಬರಲಿ

ಮಹಾರಾಷ್ಟ್ರದ ಉಮರಗಾ ಕಡೆಯ ಅಜ್ಜಿಯೊಬ್ಬಳು ದವಾಖಾನೆಯಲ್ಲಿ ‘ದಮ್ಮು ಹತ್ಲಕತ್ತದ’ ಅಂದಳೆನ್ನಿ. ಅದು ಮರಾಠಿಯಲ್ಲಿ ‘ಖೋಕಲಾ’ (ಕೆಮ್ಮು) ಆಗಿ, ಇಂಗ್ಲಿಷಿನಲ್ಲಿ ಕೇಸ್‌ಪೇಪರ್ ಸೇರುತ್ತದೆ. ಎಕ್ಸ್‌ರೇ ಓದುವ ತಂತ್ರಾಂಶ ‘ಕ್ಷಯದ ಸಂಶಯವಿಲ್ಲ’ ಎನ್ನುತ್ತದೆ, ಡಾಕ್ಟರರು ಸಹಿ ಹಾಕುತ್ತಾರೆ. ಅಜ್ಜಿ ತೀರಿಕೊಂಡರೆ ಪೊಲೀಸರು ಹುಡುಕುವುದು ಆ ಸಹಿಯನ್ನು.

ಸಹಿ ಹಾಕಿದವರನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಯಂತ್ರ ನೆರವಾಗಬಹುದು, ಔಷಧ ಬರೆಯುವಂತಿಲ್ಲ ಎಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಹೇಳಿದೆ. ಫಿಲ್ಮ್ ನೋಡದೆ, ಎದೆಗೆ ಸ್ಟೆತಾಸ್ಕೋಪ್ ಇಡದೆ ಸಹಿ ಹಾಕಿದವರು ಉತ್ತರ ಕೊಡಲೇಬೇಕು.

ಆದರೆ ‘ಸಂಶಯವಿಲ್ಲ’ ಎಂಬ ಮಾತು ಎಲ್ಲಿಂದ ಬಂತು? 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇಂಥ ತಂತ್ರಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ತಂತ್ರಾಂಶ ಚಿತ್ರಕ್ಕೊಂದು ಅಂಕ ಕೊಡುತ್ತದೆ, ಅಷ್ಟೆ. ಎಷ್ಟು ಅಂಕ ದಾಟಿದರೆ ಸಂಶಯ ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ಗೆರೆ ದಾಟಿದವರಿಗೆ ಕಫ ಪರೀಕ್ಷೆ. ಗೆರೆ ಮೇಲಿಟ್ಟಷ್ಟೂ ಅದರ ಖರ್ಚು ಕಡಿಮೆ, ಕೈತಪ್ಪುವ ರೋಗಿಗಳು ಹೆಚ್ಚು. ಆ ಲೆಕ್ಕ ಹಾಕಿದವರನ್ನು ಅಜ್ಜಿ ಎಂದೂ ಕಂಡಿರುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಸೆರೆ. ಚಿಕಿತ್ಸೆ ನಡೆಸುವಾಗ ನೋಂದಾಯಿತ ವೈದ್ಯರಿಂದಾದರೆ 2 ವರ್ಷದವರೆಗೆ. ಎಕ್ಸ್‌ರೇ ತೆಗೆಯುವ ಟೆಕ್ನಿಷಿಯನ್‌ಗೆ ಈ ರಿಯಾಯಿತಿಯೂ ಇಲ್ಲ. ಯಂತ್ರ ಹೇಳಿದ್ದನ್ನು ದಾಟಿಸಿದ ಹುಡುಗನ ತಲೆಯ ಮೇಲೆ ಡಾಕ್ಟರರಿಗಿಂತ ದೊಡ್ಡ ಕತ್ತಿ ತೂಗುತ್ತದೆ. ಇದು ಅನ್ಯಾಯ. ಕಲಂ ‘ಯಾರೇ ಆಗಲಿ’ ಎಂದೇ ಶುರುವಾಗುತ್ತದೆ. ಗೆರೆ ಎಳೆದ ಅಧಿಕಾರಿಯನ್ನಾಗಲಿ, ಮಿತಿ ಗೊತ್ತಿದ್ದೂ ಮುಚ್ಚಿಟ್ಟು ಮಾರಿದ ಕಂಪನಿಯನ್ನಾಗಲಿ ಅದು ಹೊರಗಿಟ್ಟಿಲ್ಲ. ತನಿಖೆ ಸಹಿಯ ಹತ್ತಿರವೇ ನಿಂತರೆ ಅವರು ಹೊರಗುಳಿಯುತ್ತಾರೆ.

ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಲು ಘೋರ ನಿರ್ಲಕ್ಷ್ಯವಿರಬೇಕು, ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿತು. ಒಳ್ಳೆಯ ತೀರ್ಪು. ಆದರೆ ಅಂದಿನ ಅಂಕ, ಗೆರೆ, ತಂತ್ರಾಂಶದ ಆವೃತ್ತಿ ಕೈಯಲ್ಲಿಲ್ಲದೆ ಆ ತಜ್ಞರು ಏನೆಂದು ಅಭಿಪ್ರಾಯ ಬರೆದಾರು?

ಈಗ ಮಹಾರಾಷ್ಟ್ರದಲ್ಲಿರುವ ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾದರೂ ರೋಗಿಗಳು ಗಡಿ ದಾಟುವುದು ನಿಂತಿಲ್ಲ. ಎಕ್ಸ್‌ರೇ ಮಹಾರಾಷ್ಟ್ರದಲ್ಲಿ, ಸಾವು ಬೀದರಿನಲ್ಲಿ ಆದರೆ ಎರಡು ರಾಜ್ಯಗಳ ಠಾಣೆ ಅಲೆಯುವಷ್ಟರಲ್ಲಿ ತಂತ್ರಾಂಶವೇ ಹೊಸದಾಗಿರಬಹುದು. ಹಾಗಾಗಿ ಅಂಕ, ಗೆರೆ, ಆವೃತ್ತಿ ಈ ಮೂರೂ ವಿವರ ಎಕ್ಸ್‌ರೇ ತೆಗೆದ ದಿನವೇ ಕೇಸ್‌ಪೇಪರಿನಲ್ಲಿ ಅಚ್ಚಾಗಬೇಕು. ಒಂದು ಪ್ರತಿ, ಓದಿ ತಿಳಿಯುವ ಭಾಷೆಯಲ್ಲಿ, ಅಜ್ಜಿಯ ಮಗನ ಕೈಯಲ್ಲಿರಬೇಕು.