ಬೀಟೆಯ ಹಳೆಯ ಗಿಟಾರು: ಹೆಸರನ್ನಲ್ಲ, ಹದವನ್ನು ನೋಡೋಣ

ಭಾಲ್ಕಿಯ ನಮ್ಮ ಮನೆಯ ಗೋಡೆಯ ಮೇಲೆ ಮೂರು ವರ್ಷಗಳಿಂದ ಒಂದು ಗಿಟಾರು ತೂಗುತ್ತಿದೆ. ಮಗನು ಮೊದಲ ಪರಮಪ್ರಸಾದವನ್ನು ಸ್ವೀಕರಿಸಿದ ವರ್ಷ ಪಟ್ಟಣದ ಅಂಗಡಿಯೊಂದರಿಂದ ತಂದುದು. ಕನ್ನಡಿಯಂತೆ ಹೊಳೆಯುತ್ತಿತ್ತು, ‘ರೋಸ್‌ವುಡ್’ ಎಂಬ ಚೀಟಿಯೂ ಅದಕ್ಕೆ ಅಂಟಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಅದರ ಕೊರಳು ಬಾಗಿ ತಂತಿಗಳು ಮೇಲೆದ್ದವು. ಒತ್ತಿ ಒತ್ತಿ ಹುಡುಗನ ಬೆರಳ ತುದಿಗಳು ಗಾಯವಾದವು. “ಅಪ್ಪಾ, ಇದು ನನ್ನಿಂದ ಆಗಂಗಿಲ್ಲ” ಎಂದು ಗಿಟಾರನ್ನು ಮೊಳೆಗೆ ತಗುಲಿಸಿದವನು ಗಾನವೃಂದದ ಅಭ್ಯಾಸಕ್ಕೂ ಹೋಗುವುದನ್ನು ನಿಲ್ಲಿಸಿದನು. ರೋಸ್‌ವುಡ್ ಇದ್ದದ್ದು ಬೆರಳೊತ್ತುವ ಪಟ್ಟಿಯಲ್ಲಿ ಮಾತ್ರ, ಉಳಿದುದೆಲ್ಲವೂ ಪ್ಲೈವುಡ್ ಎಂಬುದು ತಡವಾಗಿ ತಿಳಿಯಿತು. ತಪ್ಪು ಮಗುವಿನದಲ್ಲ, ಹೊಳಪಿಗೆ ಮರುಳಾಗಿ, ಪರೀಕ್ಷಿಸದೆ ಕೊಂಡ ತಂದೆಯದು.

ಇದು ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯಬೇಕಾದ ಅಗತ್ಯವಿರಲಿಲ್ಲ. ಆದರೆ ಕ್ರಿಸ್ತಜಯಂತಿ ಸಮೀಪಿಸುತ್ತಿದ್ದಂತೆ ನಮ್ಮ ಅನೇಕ ಕುಟುಂಬಗಳಲ್ಲಿ ಗಿಟಾರು ಕೊಳ್ಳುವ ಮಾತು ಏಳುತ್ತದೆ. ಅಂಥವರಿಗೆ ನನ್ನ ವಿನಂತಿ ಇಷ್ಟೇ: ಅಗ್ಗದ ಹೊಸ ವಾದ್ಯಕ್ಕಿಂತ, ಚೆನ್ನಾಗಿ ಬಾಳಿದ ಬೀಟೆಯ ಹಳೆಯ ವಾದ್ಯವೊಂದನ್ನು ಹುಡುಕಿ ಕೊಳ್ಳಿರಿ. ಆದರೆ ‘ಬೀಟೆ’ ಎಂಬ ಹೆಸರೊಂದನ್ನೇ ನಂಬಿ ಹಣ ತೆರಬೇಡಿರಿ.

ಗಿಟಾರು ನಮ್ಮ ದೇವಾಲಯಗಳಿಗೆ ಬಂದ ದಾರಿ ಸುಲಭದ್ದಲ್ಲ. 1903ರಲ್ಲಿ ಜಗದ್ಗುರು ಹತ್ತನೆಯ ಪಯಸ್ಸರು ಪವಿತ್ರ ಸಂಗೀತವನ್ನು ಕುರಿತು ಹೊರಡಿಸಿದ ಆದೇಶದಲ್ಲಿ ಪಿಯಾನೋವನ್ನೂ ಗದ್ದಲದ ವಾದ್ಯಗಳನ್ನೂ ದೇವಾಲಯದಲ್ಲಿ ನಿಷೇಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿಕೊಂಡೇ, ಆರಾಧನೆಗೆ ತಕ್ಕುದಾದ ಇತರ ವಾದ್ಯಗಳನ್ನೂ ಬಳಸಬಹುದೆಂದು ಬಾಗಿಲು ತೆರೆಯಿತು. ಆದರೂ ಅದಕ್ಕೆ ಬಹಳ ಮೊದಲೇ, 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಯುವ ಗುರು ಯೋಸೆಫ್ ಮೋರ್ ಮತ್ತು ಶಾಲಾ ಶಿಕ್ಷಕ ಫ್ರಾಂಝ್ ಗ್ರೂಬರ್ ‘ಸೈಲೆಂಟ್ ನೈಟ್’ ಗೀತೆಯನ್ನು ಮೊದಲ ಬಾರಿಗೆ ಹಾಡಿದ್ದು ಗಿಟಾರಿನ ಜೊತೆಗೇ. ಮೋರ್ ಅವರ ಆ ಗಿಟಾರು ಇಂದಿಗೂ ಹಾಲೈನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಶತಮಾನ ದಾಟಿದ ವಾದ್ಯವದು! ದೊಡ್ಡ ಆರ್ಗನ್ನಿಲ್ಲದ, ಆಗಾಗ ವಿದ್ಯುತ್ತು ಕೈಕೊಡುವ ನಮ್ಮಂಥ ಊರುಗಳಿಗೆ ಇದಕ್ಕಿಂತ ಒಗ್ಗುವ ವಾದ್ಯ ಮತ್ತೊಂದಿಲ್ಲ. ಬೀದರ್ ಜಿಲ್ಲೆಯನ್ನು ಒಳಗೊಂಡ ಗುಲ್ಬರ್ಗಾ ಧರ್ಮಕ್ಷೇತ್ರವು 2005ರಲ್ಲಷ್ಟೇ ಸ್ಥಾಪನೆಯಾದುದು. ಇಲ್ಲಿಯ ಗಾನವೃಂದಗಳು ಕುಟುಂಬಗಳ ಸಣ್ಣ ಸಣ್ಣ ಕಾಣಿಕೆಗಳಿಂದಲೇ ಬೆಳೆಯಬೇಕು. ಆದುದರಿಂದ ಒಂದು ರೂಪಾಯಿಯೂ ವ್ಯರ್ಥವಾಗಬಾರದು.

ಇನ್ನು ಬೀಟೆಯ ಮಾತು. ನಮ್ಮ ಬಡಗಿಗಳು ಕಪ್ಪು ಶೀಶಮ್ ಎಂದು ಗುರುತಿಸುವ ಈ ಮರ ನಮ್ಮ ಬಯಲುಸೀಮೆಯದಲ್ಲ; ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡಗಳ ಕಾಡಿನದು. ಕೊಯ್ದಾಗ ಗುಲಾಬಿಯ ಕಂಪನ್ನು ನೆನಪಿಸುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ರೋಸ್‌ವುಡ್ ಎಂಬ ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಜರೇತ್ ಎಂಬ ಊರಿದೆ. ಸಂತ ಜೋಸೆಫರ ಬಡಗಿತನವನ್ನು ನೆನಪಿಸುವ ಆ ಹೆಸರಿನ ಊರಿನಲ್ಲೇ, 1833ರಲ್ಲಿ ಆರಂಭವಾದ ಮಾರ್ಟಿನ್ ಸಂಸ್ಥೆಯು ಗಿಟಾರುಗಳನ್ನು ತಯಾರಿಸುತ್ತದೆ. ಬ್ರೆಜಿಲ್ ದೇಶದ ರೋಸ್‌ವುಡ್ ದೊರೆಯುವುದು ದುರ್ಲಭವಾದಾಗ, 1969ರಲ್ಲಿ ಆ ಸಂಸ್ಥೆಯು ಭಾರತದ ಬೀಟೆಗೆ ತಿರುಗಿತು. ಹೀಗೆ ನಮ್ಮ ಸಹ್ಯಾದ್ರಿಯ ಮರವು ಜಗತ್ತಿನ ಹಾಡುಗಾರರ ತೊಡೆಯೇರಿತು. ಕೀರ್ತಿಯ ಜೊತೆಗೆ ಕುತ್ತೂ ಬಂದಿತು. ಬೀಟೆಯು ಇಂದು ಅಪಾಯದ ಅಂಚಿಗೆ ಸಾಗುತ್ತಿರುವ ಮರಗಳ ಪಟ್ಟಿಯಲ್ಲಿದೆ. 2017ರಲ್ಲಿ ಅದರ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟವು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. 1992ರಿಂದಲೇ ಕಠಿಣ ನಿರ್ಬಂಧದಲ್ಲಿರುವ ಬ್ರೆಜಿಲ್ ಮರದ ವಾದ್ಯಗಳಿಗೆ ಆ ವಿನಾಯಿತಿ ಇಲ್ಲ. ವಿದೇಶದಿಂದ ಹಳೆಯ ಗಿಟಾರನ್ನು ತರಿಸುವ ಬಂಧುಗಳಿಗೆ ಈ ಸಂಗತಿ ತಿಳಿದಿರಲಿ.

ಹಾಗಾದರೆ ಬೀಟೆಯ ನಾದವೇ ಶ್ರೇಷ್ಠವೇ? ಮಂದ್ರದಲ್ಲಿ ಗಾಂಭೀರ್ಯವಿದೆ, ನಾದ ಬಹಳ ಹೊತ್ತು ನಿಲ್ಲುತ್ತದೆ ಎಂದು ವಾದಕರು ಮೆಚ್ಚುವುದುಂಟು. ಆದರೆ 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ಬೆನ್ನು ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಂದೇ ಬಗೆಯಾದ ಆರು ಗಿಟಾರುಗಳನ್ನು 52 ಮಂದಿ ವಾದಕರಿಗೆ ಕೊಟ್ಟು ಪರೀಕ್ಷಿಸಿದರು. ಅವರ ತೀರ್ಮಾನಗಳಲ್ಲಿ ಮರದಿಂದ ಮರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಪೇನಿನ ಪ್ರಸಿದ್ಧ ಶಿಲ್ಪಿ ಅಂಟೋನಿಯೊ ದೆ ತೋರೆಸ್ 1862ರಷ್ಟು ಹಿಂದೆಯೇ ಬೆನ್ನು-ಪಕ್ಕಗಳನ್ನು ರಟ್ಟಿನಿಂದ ಮಾಡಿ, ನಾದದ ಜೀವ ಮುಂಭಾಗದ ಹಲಗೆಯಲ್ಲಿದೆ ಎಂದು ತೋರಿಸಿದ್ದನು. ಆದ್ದರಿಂದ ಹೊಸ ಬೀಟೆಗಾಗಿ ಮತ್ತೊಂದು ಮರ ಉರುಳಬೇಕೆಂದು ನಾವು ಬಯಸುವುದು ನ್ಯಾಯವಲ್ಲ. ಆದರೆ ಎಂದೋ ಉರುಳಿದ ಮರದಿಂದ ಕುಶಲ ಕೈಗಳು ಕಟ್ಟಿದ ವಾದ್ಯ ಅಟ್ಟದಲ್ಲಿ ಧೂಳು ತಿನ್ನುವುದೂ ನ್ಯಾಯವಲ್ಲ. ಬಳಸಿ ಬಿಸಾಡುವ ಬದಲು ಮರಳಿ ಬಳಸುವುದೂ ಪ್ರೀತಿಯ ಕಾರ್ಯವಾಗಬಲ್ಲದೆಂದು ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ತಿಳಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ಬೀದರ್ ಸೀಮೆಯವರಿಗೆ ಹಳೆಯ ವಸ್ತುವಿನ ಪರೀಕ್ಷೆ ಹೊಸತಲ್ಲ. ಬಿದರಿಯ ಹೂದಾನಿಯನ್ನು ಕೊಳ್ಳುವಾಗ ಅದರ ಹೊಳಪನ್ನಷ್ಟೇ ನೋಡದೆ, ಬೆಳ್ಳಿಯ ತಂತಿ ಕಪ್ಪು ಲೋಹದಲ್ಲಿ ಬಿಗಿಯಾಗಿ ಕುಳಿತಿದೆಯೇ ಎಂದು ಬೆರಳಾಡಿಸಿ ನೋಡುತ್ತೇವೆ. ಗಿಟಾರನ್ನೂ ಹಾಗೆಯೇ ನೋಡಬೇಕು. ಮೊದಲನೆಯದಾಗಿ, ಬೆನ್ನಿನ ಹೊರಗಿನ ಗೆರೆಗಳು ನಾದರಂಧ್ರದಿಂದ ಇಣುಕಿದಾಗ ಒಳಗೂ ಅದೇ ಸಾಲಿನಲ್ಲಿ ಕಾಣುತ್ತವೆಯೇ? ಕಂಡರೆ ಇಡೀ ಮರದ್ದೆಂದು ನಂಬಬಹುದು. ಬೇರೆ ಬೇರೆಯಾಗಿದ್ದರೆ ಅದು ಪದರ ಅಂಟಿಸಿದ ಹಲಗೆ. ಎರಡನೆಯದಾಗಿ, ಕೊರಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುದಿಯಿಂದ ನೋಡಿರಿ; ಅತ್ಯಲ್ಪ ಬಾಗು ಸಹಜ, ತಿರುಚು ಸಲ್ಲದು. ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯ ಎತ್ತರ 3 ಮಿಲಿಮೀಟರಿನ ಆಸುಪಾಸು ಇದ್ದರೆ ಮಕ್ಕಳ ಬೆರಳಿಗೆ ಹಿತ. ಮೂರನೆಯದಾಗಿ, ತಂತಿಗಳನ್ನು ಬಿಗಿಯುವ ಕುದುರೆಯ ಹಿಂಬದಿಗೆ ಕಾಗದದ ತುಂಡೊಂದನ್ನು ತೂರಿಸಿ ನೋಡಿರಿ. ಒಳಸೇರಿದರೆ ಅಂಟು ಬಿಟ್ಟಿದೆ. ನಾಲ್ಕನೆಯದಾಗಿ, ಬೆನ್ನನ್ನು ಮೆಲ್ಲನೆ ತಟ್ಟಿರಿ. ಗಿರಗುಟ್ಟಿದರೆ ಒಳಗಿನ ಪಟ್ಟಿ ಸಡಿಲವಾಗಿರಬಹುದು. ಕೊನೆಗೆ ಪ್ರತಿಯೊಂದು ಮೆಟ್ಟಿನ ಮೇಲೂ ನುಡಿಸಿ, ಬಿರಡೆಗಳನ್ನು ತಿರುವಿ ನೋಡಿರಿ. ಗೀರು, ಮಾಸಿದ ಬಣ್ಣಗಳಿಗೆ ಅಂಜಬೇಕಾಗಿಲ್ಲ. ರಿಪೇರಿಗೂ ಹೊಸ ತಂತಿಗಳಿಗೂ ಸ್ವಲ್ಪ ಹಣವನ್ನು ಮೊದಲೇ ತೆಗೆದಿರಿಸಿರಿ. ನೈಲಾನ್ ತಂತಿಯ ವಾದ್ಯಕ್ಕೆ ಉಕ್ಕಿನ ತಂತಿ ಹಾಕಬೇಡಿರಿ. ಉಕ್ಕಿನ ಆರು ತಂತಿಗಳ ಸೆಳೆತ ಸುಮಾರು 70 ಕಿಲೋ ಭಾರಕ್ಕೆ ಸಮ. ಅದು ಕುದುರೆಯನ್ನೇ ಕಿತ್ತೀತು.

ಕೊಂಡ ಮೇಲೆ ಕಾಪಾಡುವುದು ನಮ್ಮ ಹೊಣೆ. ಏಪ್ರಿಲ್-ಮೇ ತಿಂಗಳ ನಮ್ಮ ಒಣ ಬಿಸಿಲಿಗೆ ಮರದ ತೇವ ಆರಿ ಹಲಗೆ ಬಿರಿಯುತ್ತದೆ. ಗಿಟಾರನ್ನು ತಗಡಿನ ಛಾವಣಿಯ ಕೆಳಗಿನ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯೊಳಗೆ ಇರಿಸಿ, ರಂಧ್ರ ಕೊರೆದ ಸಾಬೂನು ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಜೊತೆಗಿಟ್ಟರೆ ಸಾಕು. ಮಳೆಗಾಲದಲ್ಲಿ ಅದನ್ನು ತೆಗೆದುಬಿಡಬೇಕು.

ಕೊನೆಯ ಮಾತು ಮಾರುವವರನ್ನು ಕುರಿತದ್ದು. ಹಳೆಯ ಗಿಟಾರುಗಳು ಹೆಚ್ಚಾಗಿ ದೊರೆಯುವುದು, ನುಡಿಸುತ್ತಿದ್ದ ಹಿರಿಯರು ತೀರಿಕೊಂಡ ಮನೆಗಳಲ್ಲಿ. ವಿಧವೆಯಾದ ತಾಯಿಗೆ ಅದರ ಬೆಲೆ ತಿಳಿಯದಿರಬಹುದು. ಬೀಟೆಯ ಗುರುತು ಹಿಡಿದ ನಾವು ಬಾಯಿ ಮುಚ್ಚಿಕೊಂಡು ಪ್ಲೈವುಡ್ಡಿನ ಬೆಲೆ ಕೊಟ್ಟು ಬಂದರೆ, ಆ ವಾದ್ಯದಿಂದ ಬಲಿಪೂಜೆಯಲ್ಲಿ ಯಾವ ಗೀತೆಯನ್ನು ನುಡಿಸುವುದು? “ಅಮ್ಮಾ, ಇದು ಒಳ್ಳೆಯ ಮರದ್ದು, ಇಷ್ಟು ಬೆಲೆಯದು” ಎಂದು ಹೇಳಿಯೇ ಕೊಳ್ಳೋಣ. ವಸ್ತುವಿನ ಬೆಲೆಯನ್ನು ಬಲ್ಲವನಿಗೆ ಅದನ್ನು ಮುಚ್ಚಿಡುವ ಹಕ್ಕಿಲ್ಲ.

ಒಂದು ಕುಟುಂಬಕ್ಕೆ ಭಾರವಾದರೆ ನಾಲ್ಕು ಕುಟುಂಬಗಳು ಕೂಡಿ ಗಾನವೃಂದಕ್ಕೆಂದು ಒಂದನ್ನು ಕೊಳ್ಳಬಹುದು. ಮಕ್ಕಳು ಸರದಿಯಂತೆ ತಿಂಗಳುಗಟ್ಟಲೆ ಮನೆಗೊಯ್ದು ಕಲಿಯಬಹುದು. ಆಗಮನ ಕಾಲ ಬರುವಷ್ಟರಲ್ಲಿ ನಾನೂ ಅಂಥದೊಂದನ್ನು ಹುಡುಕಿ ತರುವವನಿದ್ದೇನೆ. ಈ ಸಲ ಹಣ ಕೊಡುವ ಮೊದಲು ಗಾನವೃಂದದ ಹಿರಿಯ ಹುಡುಗರಿಂದ ನುಡಿಸಿ ನೋಡುತ್ತೇನೆ. ಮಗನ ಕೈಗೂ ಕೊಟ್ಟು, ಬೆರಳು ನೋಯುವುದೇ ಎಂದು ಕೇಳುತ್ತೇನೆ.