ಜೋಳದ ರೊಟ್ಟಿಯೂ ಬಿ-ಜೀವಸತ್ತ್ವಗಳೂ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ. ಈ ಧಾನ್ಯಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಅಪಖ್ಯಾತಿ ಅಂಟಿಕೊಂಡಿದೆ. ಜೋಳವನ್ನೇ ನಂಬಿದ ದಖ್ಖಣದ ಬಡವರಲ್ಲಿ ಹಿಂದೆ ಪೆಲಾಗ್ರ ರೋಗ ಕಾಣಬರುತ್ತಿತ್ತು. ಬಿಸಿಲು ತಾಗುವೆಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಇವು ಅದರ ಲಕ್ಷಣಗಳು; ನಯಾಸಿನ್ ಎಂಬ ಬಿ-3 ಜೀವಸತ್ತ್ವದ ಕೊರತೆಯೇ ಕಾರಣ. 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು, ಜೋಳದಲ್ಲಿ ಅಧಿಕವಾಗಿರುವ ಲ್ಯೂಸೀನ್ ಎಂಬ ಅಮೈನೋ ಆಮ್ಲದ ಕಡೆಗೆ ಬೆರಳು ತೋರಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಜೋಳವೊಂದನ್ನೇ ಅಪರಾಧಿಯೆನ್ನುವುದು ನನಗಂತೂ ನ್ಯಾಯವಾಗಿ ತೋರದು.

ನಯಾಸಿನ್ ಆಹಾರದಿಂದ ನೇರವಾಗಿ ಬರುವುದಲ್ಲದೆ, ಬೇಳೆ, ಹಾಲು, ಶೇಂಗಾಗಳ ಪ್ರೋಟೀನಿನಲ್ಲಿರುವ ಟ್ರಿಪ್ಟೊಫೇನಿನಿಂದ ನಮ್ಮ ದೇಹದಲ್ಲಿಯೂ ತಯಾರಾಗುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫೇನಿನಿಂದ ದೊರೆಯುವುದು 1 ಮಿಲಿಗ್ರಾಂ ನಯಾಸಿನ್! ಈ ತಯಾರಿಕೆಯ ಒಂದು ಹಂತಕ್ಕೆ ಬಿ-2 ಬೇಕು, ಇನ್ನೊಂದಕ್ಕೆ ಬಿ-6 ಬೇಕು. ಒಂದರ ಕೊರತೆ ಇನ್ನೊಂದರ ಕೊರತೆಯಾಗಿ ಹೊರಬೀಳುವುದು ಹೀಗೆ. ರೊಟ್ಟಿಯ ಮಗ್ಗುಲಲ್ಲಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದವರು ಪೆಲಾಗ್ರಕ್ಕೆ ಅಂಜಬೇಕಾಗಿಲ್ಲ. ಬರಿಯ ರೊಟ್ಟಿ, ಖಾರಪುಡಿಯಲ್ಲೇ ವರ್ಷ ಕಳೆಯುವವರ ಮಾತು ಬೇರೆ.

ಈ ಸರಪಳಿಗೆ ಆನುವಂಶಿಕತೆಯೂ ಬಂದು ಸೇರುವುದುಂಟು. ಕ್ಷಯರೋಗಕ್ಕೆ 1952ರಿಂದ ಬಳಕೆಗೆ ಬಂದ ಐಸೋನಿಯಾಜಿಡ್ ದೇಹದ ಬಿ-6ನ್ನು ಹಿಡಿದು ಮೂತ್ರದೊಡನೆ ಹೊರಕ್ಕೊಯ್ಯುತ್ತದೆ. ಈ ಔಷಧವನ್ನು ಯಕೃತ್ತು ಎಷ್ಟು ಬೇಗ ಮಾರ್ಪಡಿಸೀತೆಂಬುದು ನ್ಯಾಟ್-2 ಎಂಬ ಜೀನನ್ನು ಅವಲಂಬಿಸಿದೆ. ಅದರ ನಿಧಾನಗತಿಯ ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಲ್ಲಿ (ಭಾರತೀಯರಲ್ಲಿ ಇಂಥವರೇ ಹೆಚ್ಚು) ಔಷಧ ಬಹಳ ಹೊತ್ತು ಉಳಿದು ಬಿ-6 ಹೆಚ್ಚು ನಷ್ಟವಾಗುತ್ತದೆ. ಆಗ ಕೈಕಾಲು ಜೋಮು ಹಿಡಿಯಬಹುದು. ಊಟವೂ ಬಡವಾಗಿದ್ದರೆ ಪೆಲಾಗ್ರವೇ ತಲೆದೋರಬಹುದು.

ಹಳ್ಳಿಯ ರೋಗಿಗಳ ಜೀನುಗಳನ್ನು ಪರೀಕ್ಷಿಸುತ್ತ ಕೂರುವ ಅಗತ್ಯವಿಲ್ಲ. ಕ್ಷಯದ ಔಷಧಗಳ ಜೊತೆಗೆ ಬಿ-6ರ ಸಣ್ಣ ಗುಳಿಗೆ ಕೊಡುವುದು ಇದಕ್ಕಾಗಿಯೇ. "ಅದು ಬರೀ ಶಕ್ತಿಯ ಗುಳಿಗೆ" ಎಂದು ಅದನ್ನೇ ಮೊದಲು ಬಿಟ್ಟುಬಿಡುವವರುಂಟು. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ರೋಗಿಯಿದ್ದರೆ, ಆ ಗುಳಿಗೆ ದಿನವೂ ಹೊಟ್ಟೆಗೆ ಹೋಗುತ್ತಿದೆಯೇ, ರೊಟ್ಟಿಯೊಡನೆ ಬೇಳೆಯಿದೆಯೇ ಎಂದು ವಿಚಾರಿಸಿರಿ. ವೈದ್ಯರು ಹೇಳಿದ ಪ್ರಮಾಣವನ್ನು ಮಾತ್ರ ಮೀರಕೂಡದು. ಅತಿಯಾದ ಬಿ-6 ತಾನೇ ನರಗಳನ್ನು ಕೆಡಿಸಬಲ್ಲದು.